ಹುಳದ ಮೇಷ್ಟ್ರ ಬುಧವಾರಗಳು

"ಇದು ಹುಳ ಅಲ್ಲಮ್ಮ, ಗಾರೆ ಚೂರು" ಎಂದು ಅವರು ಡಬ್ಬಿಯ ಮುಚ್ಚಳ ಹಾಕಿ ನನ್ನ ಕಡೆಗೆ ತಳ್ಳಿದರು.

ಎರಡು ಬಸ್ಸು ಬದಲಿಸಿ, ಆ ಪುಟ್ಟ ಡಬ್ಬಿಯನ್ನು ದಾರಿಯುದ್ದಕ್ಕೂ ಮಡಿಲಲ್ಲಿ ಇಟ್ಟುಕೊಂಡು ಬಂದಿದ್ದೆ. ಮ್ಯೂಸಿಯಂನ ಕೀಟ ವಿಭಾಗದಲ್ಲಿ ಬುಧವಾರ ಮಧ್ಯಾಹ್ನ ಯಾರು ಬೇಕಾದರೂ ಹುಳು ತಂದು ತೋರಿಸಬಹುದು, ಹೆಸರು ಹೇಳುತ್ತಾರೆ ಎಂದು ಯಾರೋ ಹೇಳಿದ್ದರು. ಗೇಟಿನ ಕಾವಲುಗಾರ "ಹುಳದ ಮೇಷ್ಟ್ರಾ? ಸೀದಾ ಹೋಗಿ, ನುಸಿಗುಳಿಗೆ ವಾಸನೆ ಬರೋ ಕಡೆ ತಿರುಗಿ" ಎಂದಿದ್ದ.

"ಅದು ನಡೀತಾ ಇತ್ತು" ಎಂದೆ.

"ಯಾವುದು?"

"ಈ ಗಾರೆ ಚೂರು."

ಅವರು ಸಣ್ಣಗೆ ನಕ್ಕರು. ಐವತ್ತರ ಹತ್ತಿರದ ವಯಸ್ಸು, ತೋಳು ಮಡಿಚಿದ ಬಿಳಿ ಅಂಗಿ. ಮಾತಾಡುವಾಗ ನನ್ನ ಮುಖ ನೋಡಲೇ ಇಲ್ಲ. ನನ್ನ ಎಡಗಿವಿಯ ಆಚೆಗೆ, ಬಾಗಿಲ ಕಡೆಗೆ ದೃಷ್ಟಿ. ಇವಳು ಯಾವಾಗ ಎದ್ದು ಹೋಗುತ್ತಾಳೋ ಎಂದು ಕಾಯುತ್ತಿರುವಂತೆ ಕಂಡಿತು. ನಾನು ಡಬ್ಬಿ ಎತ್ತಿಕೊಂಡು ಎದ್ದೆ.

ಅಣ್ಣನೂ ಫೋನಿನಲ್ಲಿ ಹೆಚ್ಚು ಕಡಿಮೆ ಇದನ್ನೇ ಹೇಳಿದ್ದ. "ಒಬ್ಳೇ ಇದ್ದೂ ಇದ್ದೂ ಪುಟ್ಟಿ, ಗೋಡೆ ಮೇಲಿನ ಕಲೆನೂ ನಿಂಗೆ ಓಡಾಡೋ ಹಾಗೆ ಕಾಣುತ್ತೆ." ನನಗೆ ನಲವತ್ತಮೂರು. ಅವನಿಗೆ ನಾನಿನ್ನೂ ಪುಟ್ಟಿ.

ಹದಿನಾಲ್ಕು ತಿಂಗಳ ಸಂಸಾರ ಮುಗಿದ ಮೇಲೆ ಮೂರನೇ ಮಹಡಿಯ ಆ ಎರಡು ಕೋಣೆಯ ಮನೆಗೆ ಬಂದವಳು ನಾನು. ಬಂದು ಹನ್ನೊಂದು ವರ್ಷವಾಗಿತ್ತು. ಬೆಳಿಗ್ಗೆ ಕನ್ನಡಕದ ಅಂಗಡಿ. ಹಿಂದಿನ ಕೋಣೆಯಲ್ಲಿ ಕೂತು ಲೆನ್ಸ್ ಕತ್ತರಿಸಿ, ಅಂಚು ಉಜ್ಜಿ, ಫ್ರೇಮಿಗೆ ಕೂರಿಸುವುದು ನನ್ನ ಕೆಲಸ. ಸಂಜೆ ಮನೆ. ಕೆಲವು ದಿನ ಅಂಗಡಿಯ ಯಜಮಾನರಿಗೆ "ಆಯ್ತು ಸಾರ್" ಎಂದು ಬಂದರೆ, ಮರುದಿನ ಅವರಿಗೆ "ಬಂದೆ ಸಾರ್" ಎನ್ನುವವರೆಗೆ ಬಾಯಿ ತೆರೆಯುವ ಪ್ರಸಂಗವೇ ಬರುತ್ತಿರಲಿಲ್ಲ.

ಅಂಥ ದಿನಗಳಲ್ಲಿ ಬಚ್ಚಲಿನ ಗೋಡೆಯ ಮೇಲೆ ಅದು ಕಂಡಿತು. ಕರಬೂಜದ ಬೀಜದಷ್ಟು ಉದ್ದ, ಅಷ್ಟೇ ಚಪ್ಪಟೆ, ಬೂದು ಬಣ್ಣ. ಮರುದಿನ ಸ್ವಲ್ಪ ಮೇಲಿತ್ತು. ಪಕ್ಕದಲ್ಲಿ ಪೆನ್ಸಿಲಿನಿಂದ ಗೀಟು ಹಾಕಿದೆ. ಸಂಜೆಗೆ ಗೀಟಿನಿಂದ ಒಂದು ಗೇಣು ದೂರ ಹೋಗಿತ್ತು. ಹೆದರಿಕೆಯಾಯಿತು. ಹುಳುವಿಗೆ ಹೆದರಿದೆನೋ, ಅಣ್ಣ ಹೇಳಿದ್ದು ನಿಜವಾಗಿಬಿಟ್ಟರೆ ಎಂದು ಹೆದರಿದೆನೋ, ಹೇಳಲಾರೆ.

*

ಮುಂದಿನ ಬುಧವಾರ ಮತ್ತೆ ಹೋದೆ. ಅವತ್ತು ನಮ್ಮ ಅಂಗಡಿ ಅರ್ಧ ದಿನ ರಜ. ಈ ಸಲ ಹಟ ಹಿಡಿದು ಹೋಗಿದ್ದೆ.

"ಮತ್ತೆ ಗಾರೆ ಚೂರಾ?" ಎಂದರು. ನಾನು ಹೇಳಿದ ನಮಸ್ಕಾರದ ದನಿಯಿಂದಲೇ ಗುರುತು ಹಿಡಿದಿದ್ದರು.

"ಹೌದು. ಅದು ನಡೆಯೋವರೆಗೂ ನಾನು ಇಲ್ಲೇ ಕೂತಿರ್ತೀನಿ."

"ಹಿಂದೆ ಮೂರು ಜನ ಇದ್ದಾರೆ."

"ಅವರೂ ನೋಡ್ಲಿ."

ಮೇಜಿನ ಮೇಲಿನ ಬಿಳಿ ಹಾಳೆಗೆ ಅದನ್ನು ಸುರಿದೆ. ಇಬ್ಬರೂ ಸುಮ್ಮನೆ ಕೂತೆವು. ಎರಡು ನಿಮಿಷಕ್ಕೆ ಬೀಜದ ಒಂದು ತುದಿ ಸೀಳಿಕೊಂಡಿತು. ಕಂದು ತಲೆಯೊಂದು ಹೊರಗೆ ಬಂದು, ಅತ್ತ ಇತ್ತ ನೋಡಿ, ಮುಂಗಾಲುಗಳಿಂದ ಹಾಳೆಯನ್ನು ಹಿಡಿದು ಇಡೀ ಗೂಡನ್ನು ಎಳೆದುಕೊಂಡು ಹೊರಟಿತು. ಸೀದಾ ಅವರ ಹೆಬ್ಬೆರಳಿನ ಕಡೆಗೆ. ನನಗೆ ಗೆದ್ದಷ್ಟು ಖುಷಿ.

"ಈಗ ಏನಂತೀರ?"

ಅವರು ಹಾಳೆಯ ಮೇಲೆ ಬಾಗಿದರು. ಸ್ವಲ್ಪ ಹೊತ್ತು ಹಾಗೇ ಇದ್ದು ಕೇಳಿದರು: "ಹೊರಟಿತಾ?"

ನನ್ನ ಖುಷಿ ಅಲ್ಲೇ ಇಳಿದುಹೋಯಿತು. ಹುಳು ಅವರ ಮೂಗಿನ ಕೆಳಗೇ ಹರಿಯುತ್ತಿತ್ತು. ಇಪ್ಪತ್ತು ವರ್ಷ ಕಣ್ಣುಗಳ ಜೊತೆ ಕೆಲಸ ಮಾಡಿದವಳಿಗೆ ಉಳಿದದ್ದು ಯಾರೂ ಹೇಳಬೇಕಿರಲಿಲ್ಲ. ಬಾಗಿಲ ಕಡೆ ನೋಡಿದ್ದು ಅಸಡ್ಡೆಯಲ್ಲ. ನೇರ ನೋಡಿದರೆ ಕಾಣದವರು ಪಕ್ಕದಿಂದ ನೋಡುತ್ತಾರೆ. ಅಂಗಡಿಗೂ ಅಂಥವರು ಬರುತ್ತಾರೆ. ಯಾವ ಲೆನ್ಸೂ ಅವರಿಗೆ ಹೊಂದುವುದಿಲ್ಲ.

"ನಿಮಗೆ ಕಾಣ್ತಾ ಇಲ್ಲ" ಎಂದೆ.

ಅವರ ಕೈ ಮೇಜಿನ ಮೇಲೆ ನಿಂತುಬಿಟ್ಟಿತು. "ಮೆತ್ತಗೆ ಮಾತಾಡಿ" ಎಂದರು. ಆಮೇಲೆ ಇನ್ನೂ ಮೆತ್ತಗೆ, "ತಲೆ ಯಾವ ಬಣ್ಣ?"

"ಕಂದು. ಹೊಳೆಯುತ್ತೆ."

"ಕಾಲು?"

"ಮೂರು ಜೊತೆ. ತಲೆ ಹತ್ತಿರಾನೇ."

"ಗೂಡಿಗೆ ಬಾಯಿ ಒಂದೇನಾ, ಎರಡಾ?"

ಹಾಳೆ ತಿರುಗಿಸಿ ನೋಡಿದೆ. "ಎರಡು. ಎರಡೂ ತುದೀಲಿ ಸೀಳಿದೆ."

ಅವರ ಮುಖ ಅರಳಿದ್ದನ್ನು ನಾನು ಈಗಲೂ ಮರೆತಿಲ್ಲ. "ನುಸಿ ಜಾತಿ. ಗೂಡು ಹೊತ್ಕೊಂಡು ತಿರುಗೋ ನುಸಿ. ಬಟ್ಟೆ ನುಸಿಗೆ ದಾಯಾದಿ. ಒಳಗಡೇನೇ ತಿರುಗಿ ತನಗೆ ಬೇಕಾದ ಬಾಗಿಲಿಂದ ತಲೆ ಹಾಕುತ್ತೆ. ದೊಡ್ಡದಾದ ಮೇಲೆ ಬೂದು ಬಣ್ಣದ ಚಿಕ್ಕ ಪತಂಗ. ಕಚ್ಚಲ್ಲ, ರೋಗ ತರಲ್ಲ. ನಿಮ್ಮ ಮನೇಲಿ ಜೇಡರಬಲೆ ಜಾಸ್ತಿನಾ?"

ನನಗೆ ನಾಚಿಕೆಯಾಯಿತು. "ಮನೆಗೆ ಯಾರೂ ಬರಲ್ಲ. ಮೂಲೆ ಮುಡುಕು ಗುಡಿಸೋದು ಹಾಗೇ ಉಳಿಯುತ್ತೆ."

"ಇದಕ್ಕೆ ಅದೇ ಊಟ. ಹಳೇ ಬಲೆ, ಉದುರಿದ ಕೂದಲು, ಉಣ್ಣೆ. ಮೈಮೇಲೆ ಏನೇನು ಅಂಟಿಸ್ಕೊಂಡಿದೆ ನೋಡಿ."

"ಮರಳು. ಗೋಡೆ ಸುಣ್ಣ. ಒಂದು ಹಸಿರು ಎಳೆ."

"ಮನೇಲಿ ಹಸಿರು ಏನಿದೆ?"

"ನನ್ನ ಸ್ವೆಟರ್."

"ಸರಿ ಹಾಗಾದ್ರೆ. ನಿಮ್ಮ ಸ್ವೆಟರ್ ತೊಟ್ಕೊಂಡು ನಿಮ್ಮ ಗೋಡೆ ಮೇಲೆ ವಾಕಿಂಗ್ ಹೋಗ್ತಾ ಇದೆ."

ನಾನು ನಕ್ಕೆ. ಎಷ್ಟು ದಿನದ ಮೇಲೋ ಗಟ್ಟಿಯಾಗಿ ನಕ್ಕಿದ್ದರಿಂದ ಕೆಮ್ಮು ಬಂತು. ಹಿಂದೆ ಕಾಯುತ್ತಿದ್ದ ಮುದುಕಿ ತಾನು ತಂದಿದ್ದ ಶೀಷೆಯನ್ನು ಮುಂದೆ ಚಾಚಿದಳು. ಅವರು ಕುರ್ಚಿ ಸರಿಸಿ, ಯಾರಿಗೂ ಕೇಳಿಸದ ಹಾಗೆ, "ಇನ್ನೊಂದು ಸ್ವಲ್ಪ ಹೊತ್ತು ಕೂತ್ಕೋತೀರಾ?" ಎಂದರು.

ಕೂತೆ.

*

ಎರಡು ವರ್ಷದಿಂದ ಹಾಗಂತೆ. ಕಣ್ಣಿನ ನಡುಭಾಗ ಸವೆಯುತ್ತಿದೆ, ಅಂಚು ಚೆನ್ನಾಗಿದೆ. ಮ್ಯೂಸಿಯಂನಲ್ಲಿ ಯಾರಿಗೂ ಹೇಳಿರಲಿಲ್ಲ. ಎಂಟು ಸಾವಿರ ಹುಳುಗಳು ಯಾವ ಡ್ರಾಯರಿನ ಯಾವ ಸಾಲಿನಲ್ಲಿವೆ ಎಂಬುದು ಬೆರಳಿಗೆ ಗೊತ್ತಿತ್ತು. ತಂದವರ ಮಾತಿನಿಂದಲೇ ಅರ್ಧ ತಿಳಿದುಬಿಡುತ್ತಿತ್ತು, ಮಿಕ್ಕಿದ್ದು ಊಹೆ. "ನೀವು ಜಾಸ್ತಿ ಮಾತಾಡಲಿಲ್ಲ. ಅದಕ್ಕೇ ಗಾರೆ ಚೂರು ಅಂದೆ" ಎಂದರು, ತಪ್ಪು ನನ್ನದೇ ಎಂಬಂತೆ.

ಆಮೇಲೆ ಪ್ರತಿ ಬುಧವಾರ ಹೋದೆ. ಕೇಳಿದವರಿಗೆ ನಾನು ಸಹಾಯಕಿ. ಅವರ ಎಡಗಡೆ ನನ್ನ ಕುರ್ಚಿ. ಬಂದ ಹುಳುವನ್ನು ನಾನು ನೋಡಿ ಬರೆದುಕೊಳ್ಳುವವಳ ಹಾಗೆ ಮೆಲ್ಲಗೆ ಓದುತ್ತಿದ್ದೆ. ಆರು ಕಾಲು, ಕುಡುಗೋಲಿನಂಥ ಮೀಸೆ, ಬೆನ್ನ ಮೇಲೆ ಎರಡು ಚುಕ್ಕೆ. ಅವರು ಹೆಸರು ಹೇಳುತ್ತಿದ್ದರು. ಅಕ್ಕಿಯ ಮೂತಿಹುಳು, ಪುಸ್ತಕದ ಬೆಳ್ಳಿಮೀನು, ಕಂಬಳಿ ತಿನ್ನುವ ಓಡುಹುಳು. ನನ್ನ ಕಣ್ಣು, ಅವರ ಮಾತು. ನಡುವೆ ಒಂದು ಬಿಳಿ ಹಾಳೆ.

"ಗುಂಡಗಿದೆ ಅಂದ್ರೆ ಸಾಲದು. ಹೇಗೆ ಗುಂಡಗೆ?"

"ನಿಮ್ಮ ಅಂಗಿ ಗುಂಡಿ ಥರ."

"ನನ್ನ ಅಂಗಿ ಗುಂಡಿ ಅಷ್ಟೊಂದು ಯಾವಾಗ ನೋಡಿದ್ರಿ?"

"ಮೇಲಿನಿಂದ ಎರಡನೇದು ಇಲ್ಲ. ಅದಕ್ಕೇ ಕಣ್ಣಿಗೆ ಬಿತ್ತು."

ಅವರು ತಕ್ಷಣ ಎದೆಯ ಮೇಲೆ ಕೈ ಇಟ್ಟು ತಡವಿ ನೋಡಿಕೊಂಡರು. ಕಿವಿ ಕೆಂಪಾಯಿತು. ಮುಂದಿನ ವಾರ ಗುಂಡಿ ಇತ್ತು. ಬೇರೆ ಬಣ್ಣದ ದಾರದಲ್ಲಿ, ಸೊಟ್ಟಗೆ. ತಾವೇ ಹೊಲಿದುಕೊಂಡಿದ್ದರು. ಅದನ್ನು ಕಂಡು ನನಗೆ ಯಾಕೋ ಅಳು ಬರುವ ಹಾಗಾಯಿತು.

ಮದುವೆಯಾಗಿರಲಿಲ್ಲ. "ಹುಳದ ಹಿಂದೆ ಓಡಾಡ್ತಾ ಓಡಾಡ್ತಾ ವಯಸ್ಸಾಗೋಯ್ತು" ಎನ್ನುತ್ತಿದ್ದರು. ಬೇರೆ ಊರಿನಲ್ಲಿ ಒಬ್ಬ ಅಕ್ಕ ಇದ್ದರು. ಸಂಜೆ ಬಸ್ ಸ್ಟಾಪಿನವರೆಗೆ ಜೊತೆಯಲ್ಲಿ ನಡೆಯುತ್ತಿದ್ದೆವು. ರಸ್ತೆ ದಾಟುವಾಗ ನನ್ನ ಮೊಣಕೈ ಹಿಡಿಯುತ್ತಿದ್ದರು. ದಾಟಿದ ಮೇಲೂ ನಾಲ್ಕು ಹೆಜ್ಜೆ ಹಿಡಿದೇ ಇರುತ್ತಿದ್ದರು. ಆ ನಾಲ್ಕು ಹೆಜ್ಜೆಗಳನ್ನು ನಾನು ಮಂಗಳವಾರದವರೆಗೂ ನೆನೆಯುತ್ತಿದ್ದೆ.

ಒಂದು ದಿನ ಯಾರೂ ಬಂದಿರಲಿಲ್ಲ. ನಾನು ಅಂಗಡಿಯ ಏನೋ ಕಥೆ ಹೇಳುತ್ತಿದ್ದೆ. ಅವರು ಮುಖ ತಿರುಗಿಸಿ ಕಿಟಕಿಯ ಕಡೆ ಕೂತಿದ್ದರು.

"ಕಿಟಕಿ ಆಚೆ ಏನಿದೆ ಅಷ್ಟೊಂದು?"

"ಕಿಟಕಿ ನೋಡ್ತಿಲ್ಲ. ನಿಮ್ಮನ್ನ ನೋಡ್ತಿದ್ದೀನಿ."

ನಾನು ಕೆದರಿದ ಕೂದಲನ್ನು ಕಿವಿಯ ಹಿಂದೆ ಸರಿಸಿದೆ.

"ನೇರ ನೋಡಿದ್ರೆ ನೀವು ಇರಲ್ಲ. ಹೊಗೆ ಥರ ಏನೋ ಇರುತ್ತೆ. ಹೀಗೆ ತಿರುಗಿದ್ರೆ ಬರ್ತೀರ. ಎಡಗಡೆ ಹುಬ್ಬಲ್ಲಿ ಒಂದು ಗೀರು ಇದೆಯಲ್ಲ?"

"ಲೆನ್ಸ್ ಚೂರು ಹಾರಿ ಆಗಿದ್ದು. ತುಂಬಾ ಹಳೇದು."

ಅಂಗಡಿಯ ಯಜಮಾನರಾಗಲಿ, ಅಣ್ಣನಾಗಲಿ, ಹದಿನಾಲ್ಕು ತಿಂಗಳು ಜೊತೆಗಿದ್ದವನಾಗಲಿ ಆ ಗೀರನ್ನು ಕಂಡು ಕೇಳಿದ್ದಿಲ್ಲ. ನನ್ನ ಮುಖ ಬಿಸಿಯಾಯಿತು. ಅದು ಇವರಿಗೆ ಕಾಣುತ್ತದೋ ಇಲ್ಲವೋ ಎಂದು ಯೋಚಿಸುತ್ತಾ, ಏನೂ ಇಲ್ಲದ ಹಾಳೆಯನ್ನು ಸರಿಪಡಿಸಿ ಇಟ್ಟೆ.

*

ಒಂದು ಬುಧವಾರ ನನಗೆ ಜ್ವರ ಬಂತು. ಮ್ಯೂಸಿಯಂನ ನಂಬರಿಗೆ ಮೂರು ಸಲ ಫೋನ್ ಮಾಡಿದೆ, ಯಾರೂ ಎತ್ತಲಿಲ್ಲ.

ಅದರ ಮುಂದಿನ ವಾರ ನಾನು ಹೋಗಿ ಕೂತ ಹತ್ತೇ ನಿಮಿಷಕ್ಕೆ ಒಬ್ಬ ಹೆಂಗಸು ಮಗುವನ್ನು ಎತ್ತಿಕೊಂಡು ಬಂದಳು. ಚಿಕ್ಕ ವಯಸ್ಸು, ನಿದ್ದೆಗೆಟ್ಟ ಮುಖ. ಮಗುವಿನ ಅಂಗಿಯ ತೋಳು ಮೇಲೆ ಸರಿಸಿ ಕೈಯನ್ನು ನಮ್ಮ ಮುಂದೆ ಹಿಡಿದಳು. ಭುಜದಿಂದ ಮುಂಗೈವರೆಗೆ ಸಾಲುಸಾಲಾಗಿ ಕೆಂಪು ದದ್ದು.

"ಪುಸ್ತಕದ ಹೇನು, ಏನೂ ಮಾಡಲ್ಲ ಅಂದ್ರಿ. ನಿಮ್ಮ ಮಾತು ನಂಬಿ ಅದೇ ಹಾಸಿಗೇಲಿ ಮಲಗಿಸಿದೆ ಸಾರ್. ಒಂದು ವಾರ."

ಹಿಂದಿನ ವಾರ ಟೇಪಿಗೆ ಅಂಟಿಸಿ ತಂದಿದ್ದನ್ನೇ ಮತ್ತೆ ಮೇಜಿನ ಮೇಲೆ ಇಟ್ಟಳು. ಭೂತಗನ್ನಡಿಯೇ ಬೇಕಿರಲಿಲ್ಲ. ತಿಗಣೆ ಮರಿ. ಹೊಟ್ಟೆಯಲ್ಲಿ ರಕ್ತದ ಚುಕ್ಕೆ ಇನ್ನೂ ಕಪ್ಪಗೆ ಕಾಣುತ್ತಿತ್ತು.

"ತಿಗಣೆ" ಎಂದೆ ನಾನು.

ಮೇಷ್ಟ್ರು ಎದ್ದು ನಿಂತರು. "ತಪ್ಪು ನನ್ನದು ತಾಯಿ" ಎಂದರು. ಅವಳು ಬೈದಿದ್ದರೆ ಚೆನ್ನಾಗಿತ್ತು. ಬೈಯಲಿಲ್ಲ. ಹಾಸಿಗೆಗೆ ಏನು ಮಾಡಬೇಕು ಎಂದು ಕೇಳಿ, ನಾನು ಬರೆದುಕೊಟ್ಟ ಚೀಟಿ ತೆಗೆದುಕೊಂಡು, ಮಗುವಿನ ತೋಳನ್ನು ಸೆರಗಿನಿಂದ ಮುಚ್ಚಿಕೊಂಡು ಹೋದಳು.

ಕೋಣೆ ಖಾಲಿಯಾದ ಮೇಲೆ ನಾನು, "ಡೈರೆಕ್ಟರಿಗೆ ಹೇಳಿಬಿಡಿ" ಎಂದೆ.

"ನೀವು ಬರ್ತಾ ಇದ್ರೆ ಇದು ಆಗ್ತಿರಲಿಲ್ಲ."

"ನಂಗೆ ಇನ್ನೊಂದು ಸಲ ಜ್ವರ ಬಂದ್ರೆ?"

"ಹೇಳಿದ್ರೆ ನನ್ನ ಹತ್ರ ಏನು ಉಳಿಯುತ್ತೆ ಹೇಳಿ. ಇಪ್ಪತ್ತಾರು ವರ್ಷ. ನಂಗೆ ಬರೋದು ಇದೊಂದೇ."

ಆಗ ನಾನು ಹೇಳಿದೆ. ಹೇಳಬೇಕೆಂದು ಹೇಳಿದ್ದಲ್ಲ, ಬಾಯಿಂದ ಬಂದೇಬಿಟ್ಟಿತು. "ಗೊತ್ತಾದ ದಿನಾನೇ ನಾನು ಇದನ್ನ ಹೇಳಬೇಕಿತ್ತು. ಕಣ್ಣಿನ ಅಂಗಡಿಯವಳು ನಾನು, ನಂಗೆ ಗೊತ್ತಿತ್ತು. ಯಾಕೆ ಹೇಳ್ಲಿಲ್ಲ ಗೊತ್ತಾ? ನೀವು ಹೇಳಿಬಿಟ್ರೆ ನನ್ನ ಬುಧವಾರ ಹೋಗ್ತಿತ್ತು. ನಿಮ್ಮ ಕಣ್ಣು ಸರಿ ಇಲ್ಲದೇ ಇರೋದು ನಂಗೆ ಬೇಕಾಗಿತ್ತು. ಆ ಮಗು ತೋಳಿನಲ್ಲಿ ನನ್ನ ಪಾಲೂ ಇದೆ."

ಅವರು ಮುಖ ಅತ್ತಿತ್ತ ತಿರುಗಿಸಲಿಲ್ಲ. ನೇರ ನನ್ನ ಕಡೆಗೇ ಇಟ್ಟುಕೊಂಡರು. ಅಂದರೆ ನನ್ನನ್ನು ನೋಡುವುದು ಅವರಿಗೆ ಬೇಕಿರಲಿಲ್ಲ.

"ನೀವು ಹೋಗಿ" ಎಂದರು.

*

ಮುಂದಿನ ಬುಧವಾರ ಕೀಟ ವಿಭಾಗದ ಬಾಗಿಲಿಗೆ ಹಾಳೆ ಅಂಟಿಸಿತ್ತು. ಹುಳು ಗುರುತಿಸುವ ಕೆಲಸ ಸದ್ಯಕ್ಕೆ ನಿಲ್ಲಿಸಲಾಗಿದೆ.

"ಅವರೇ ಹೋಗಿ ಡೈರೆಕ್ಟರಿಗೆ ಹೇಳಿದ್ರಂತೆ ಕಣಮ್ಮ" ಎಂದ ಕಾವಲುಗಾರ. "ರಜ ಹಾಕಿ ಅಕ್ಕನ ಊರಿಗೆ ಹೋಗಿದ್ದಾರೆ. ಯಾವಾಗ ಬರ್ತಾರೋ ಗೊತ್ತಿಲ್ಲ."

ಯಾವ ಊರು ಎಂದು ಅವನಿಗೆ ತಿಳಿಯದು. ನನಗೂ ತಿಳಿಯದು. ಇಷ್ಟು ಬುಧವಾರಗಳಲ್ಲಿ ನಾವಿಬ್ಬರೂ ಪರಸ್ಪರರ ಫೋನ್ ನಂಬರ್ ಕೂಡ ಕೇಳಿರಲಿಲ್ಲ. ಮುಂದಿನ ಬುಧವಾರ ಇದ್ದೇ ಇರುತ್ತದೆ ಎಂಬ ಧೈರ್ಯ.

ಆ ಮಧ್ಯಾಹ್ನ ಮನೆಗೆ ಬಂದು ಕುರ್ಚಿ ಹಾಕಿಕೊಂಡು ಮೂಲೆಗಳನ್ನೆಲ್ಲ ಗುಡಿಸಿದೆ. ಬಚ್ಚಲು, ಕಪಾಟಿನ ಹಿಂದೆ, ಪರದೆಯ ಕಂಬಿ. ಬೂದು ಬೀಜಗಳು ಹದಿನೇಳು ಸಿಕ್ಕವು. ಮೇಷ್ಟ್ರು ಹೇಳಿದ್ದು ಸರಿಯಾಗಿತ್ತು. ಬಲೆ ಹೋದ ಮೇಲೆ ಅವೂ ಹೋದವು. ಗೋಡೆ ಬೆಳ್ಳಗೆ, ಖಾಲಿಯಾಗಿ ನಿಂತಿತು. ಹಲ್ಲುಜ್ಜುತ್ತಾ ಅದನ್ನು ನೋಡುವಾಗ, ನಡೆಯುವುದೇನಾದರೂ ಒಂದು ಇದ್ದಿದ್ದರೆ ಅನ್ನಿಸುತ್ತಿತ್ತು.

"ಹುಳ ಹೋಯ್ತಾ ಪುಟ್ಟಿ?" ಎಂದು ಅಣ್ಣ ಫೋನ್ ಮಾಡಿದ.

"ಹೋಯ್ತು."

"ನಾ ಹೇಳ್ಲಿಲ್ವಾ, ಎಲ್ಲಾ ನಿನ್ನ ಭ್ರಮೆ ಅಂತ."

"ಹೌದಣ್ಣ."

ಬುಧವಾರ ಅರ್ಧ ದಿನ ರಜ ಬೇಡ, ಕೆಲಸ ಮಾಡುತ್ತೇನೆ ಎಂದು ಯಜಮಾನರಿಗೆ ಹೇಳಿದೆ. ಅವರು ಮುಂದಿನ ಬಾಗಿಲು ಅರ್ಧ ಎಳೆದು ಲೆಕ್ಕ ನೋಡುತ್ತಾ ಕೂರುತ್ತಿದ್ದರು, ನಾನು ಹಿಂದೆ ಮೆಷಿನ್ನಿನ ಮುಂದೆ. ಲೆನ್ಸಿನ ಅಂಚು ಉಜ್ಜುವ ಸದ್ದಿನಲ್ಲಿ ಬೇರೆ ಏನೂ ಕೇಳಿಸುವುದಿಲ್ಲ. ಅದು ಅನುಕೂಲವೇ ಆಗಿತ್ತು. ಹೀಗೆ ಆರು ವಾರ.

ಏಳನೆಯ ವಾರ ಮೆಷಿನ್ ನಿಲ್ಲಿಸಿದ್ದಾಗ ಮುಂದಿನಿಂದ ಯಜಮಾನರ ದನಿ ಕೇಳಿಸಿತು. "ಇವತ್ತು ಅಂಗಡಿ ಇಲ್ಲ ಸಾರ್. ನಾಳೆ ಬನ್ನಿ, ಕಣ್ಣು ಪರೀಕ್ಷೆ ಮಾಡಿಸೋಣ."

"ನಂಗೆ ಕನ್ನಡಕ ಬೇಡ. ಒಳಗೆ ಲೆನ್ಸ್ ಕತ್ತರಿಸೋರು ಒಬ್ರು ಇದ್ದಾರಾ? ಎಡಗಡೆ ಹುಬ್ಬಲ್ಲಿ ಗೀರು ಇರೋರು."

ಯಜಮಾನರು ಗಾಬರಿಯಿಂದ ಒಳಗೆ ಬಂದರು. "ಯಾರದ್ದೋ ಪವರ್ ತಪ್ಪು ಹಾಕಿದ್ದೀಯಾ? ಹುಡುಕ್ಕೊಂಡು ಬಂದಿದ್ದಾರೆ." ಆಮೇಲೆ ನನ್ನ ಹುಬ್ಬನ್ನು ಮೊದಲ ಸಲ ಕಾಣುವವರಂತೆ ನೋಡಿದರು.

ಮೇಷ್ಟ್ರು ಫ್ರೇಮುಗಳ ಗೋಡೆಯ ಮುಂದೆ ನಿಂತಿದ್ದರು. ಸ್ವಲ್ಪ ಇಳಿದಿದ್ದರು. ಕೈಯಲ್ಲಿ ಮಡಿಚುವ ಕೋಲು.

"ಊರಲ್ಲಿ ಕನ್ನಡಕದ ಅಂಗಡಿ ಒಂಬತ್ತು ಇವೆ" ಎಂದರು. "ಇದು ಆರನೇದು."

"ಕೂತ್ಕೊಳ್ಳಿ" ಎಂದೆ.

ಕೂರಲಿಲ್ಲ. ಪಾಠ ಒಪ್ಪಿಸುವವರ ಹಾಗೆ ಒಂದೊಂದೇ ಹೇಳಿದರು. ಅಕ್ಕನ ಊರಿನ ದೊಡ್ಡ ಆಸ್ಪತ್ರೆಯಲ್ಲಿ ತೋರಿಸಿದ್ದು. ನಡುಭಾಗ ಇನ್ನಷ್ಟು ಹೋಗುತ್ತದೆ, ಅಂಚು ಉಳಿಯುತ್ತದೆ ಎಂದದ್ದು. ಆ ಹೆಂಗಸಿನ ಮನೆಗೆ ಹೋಗಿ, ನನಗೆ ಕಾಣುತ್ತಿರಲಿಲ್ಲ, ಕಾಣುವವನ ಹಾಗೆ ಹೇಳಿದೆ ಎಂದು ಒಪ್ಪಿಕೊಂಡದ್ದು. ಮಗುವಿನ ತೋಳು ವಾಸಿಯಾಗಿತ್ತಂತೆ. ಅವಳು ಒಳಗೆ ಕರೆಯಲಿಲ್ಲವಂತೆ. ಡೈರೆಕ್ಟರ್ ಈಗ ಇಬ್ಬರು ಹೊಸಬರನ್ನು ಕೌಂಟರಿಗೆ ಹಾಕಿದ್ದಾರೆ, ಅವರಿಗೆ ಬಾಯಿಮಾತಿನಲ್ಲಿ ಕಲಿಸುವುದು ಇವರ ಕೆಲಸ.

"ಅಂದ್ರೆ ಈಗ ನಂಗೆ ಸಹಾಯಕ್ಕೆ ಯಾರೂ ಬೇಡ" ಎಂದರು. "ಅದನ್ನ ನಿಮಗೆ ಹೇಳಬೇಕಿತ್ತು."

ನನ್ನ ಕೈಯಲ್ಲಿ ಅರ್ಧ ಉಜ್ಜಿದ ಲೆನ್ಸ್ ಇತ್ತು. ಅದನ್ನೇ ಒರೆಸುತ್ತಾ, "ಒಳ್ಳೇದಾಯ್ತು" ಎಂದೆ.

"ಪೂರ್ತಿ ಕೇಳಿ. ನಿಮ್ಮ ಮಾತು ಆ ದಿನ ಕೋಪ ತರಿಸ್ತು. ಆಮೇಲೆ ನಾನೂ ನನ್ನನ್ನ ಕೇಳ್ಕೊಂಡೆ, ಇವರು ಬೇಕಾಗಿದ್ದು ಕಣ್ಣಿಗೋಸ್ಕರಾನಾ ಅಂತ. ಹಾಗಿದ್ರೆ ಈಗ ನೆನಪಾಗಬಾರದಿತ್ತು. ಆ ಹೊಸಬರಿಬ್ರೂ ಚೆನ್ನಾಗಿ ಓದಿ ಹೇಳ್ತಾರೆ. ಗುಂಡಗಿದೆ ಅಂದ್ರೆ ಎಷ್ಟು ಮಿಲಿಮೀಟರ್ ಅಂತಾನೂ ಹೇಳ್ತಾರೆ." ಅವರು ಕೋಲನ್ನು ಈ ಕೈಯಿಂದ ಆ ಕೈಗೆ ಬದಲಿಸಿದರು. "ಏನೂ ಕೆಲಸ ಇಲ್ಲದೇ, ನಿಮ್ಮನ್ನ ಸುಮ್ನೆ ಪಕ್ಕದಲ್ಲಿ ಕೂರಿಸ್ಕೊಳ್ಳೋಕೆ ಇಷ್ಟ ನಂಗೆ. ಬುಧವಾರ ಒಂದೇ ಅಲ್ಲ."

ಯಜಮಾನರು ಲೆಕ್ಕದ ಪುಸ್ತಕದಿಂದ ತಲೆ ಎತ್ತಲಿಲ್ಲ. ಪುಟವನ್ನೂ ತಿರುಗಿಸಲಿಲ್ಲ.

"ನಂಗೆ ಜನರ ಜೊತೆ ಇರೋ ಅಭ್ಯಾಸ ತಪ್ಪಿಹೋಗಿದೆ" ಎಂದೆ. "ಸಂಜೆ ಹೊತ್ತು ಮಾತೇ ಆಡಲ್ಲ. ಕೆಲವು ಸಲ ದಿನಗಟ್ಟಲೆ."

"ನಂಗೂ ಹಾಗೇ."

"ಮತ್ತೆ ಇಬ್ಬರೂ ಕೂತು ಏನು ಮಾಡೋದು?"

"ಮಾತಾಡದೇ ಕೂತಿರೋಣ. ಒಬ್ಬೊಬ್ರೇ ಮಾತಾಡದೇ ಇರೋದಕ್ಕಿಂತ ವಾಸಿ ಇರಬಹುದು."

ನಾನು ಲೆನ್ಸನ್ನು ಮೇಜಿನ ಮೇಲಿಟ್ಟೆ. ಏಪ್ರನ್ ಬಿಚ್ಚಿ ಮೊಳೆಗೆ ತಗುಲಿಹಾಕಿದೆ. "ಸಾರ್, ಇವತ್ತು ಅರ್ಧ ದಿನ ರಜ" ಎಂದು ಯಜಮಾನರಿಗೆ ಹೇಳಿದೆ. ಅವರು ತಲೆಯಾಡಿಸಿ, ಆಗ ಪುಟ ತಿರುಗಿಸಿದರು.

*

ಮರುವರ್ಷ ನೋಂದಣಿ ಕಚೇರಿಯಲ್ಲಿ ಸಹಿ ಹಾಕಿದೆವು. ಅಣ್ಣ ಸಾಕ್ಷಿಯಾಗಿ ಬಂದ. ಮೇಷ್ಟ್ರ ಅಕ್ಕ ನನ್ನ ಕೈ ಹಿಡಿದು "ಇವನಿಗೆ ಊಟ ಮಾಡುವಾಗ ಪುಸ್ತಕ ಕೊಡಬೇಡ" ಎಂದು ಹೇಳಿ, ಆಮೇಲೆ ನೆನಪಾಗಿ, ಮುಖ ಆಚೆ ತಿರುಗಿಸಿ ಕಣ್ಣು ಒರೆಸಿಕೊಂಡರು.

ಅವರ ಸಾಮಾನು ಎರಡು ಪೆಟ್ಟಿಗೆ. ನನ್ನ ಎರಡು ಕೋಣೆಗಳನ್ನು ಅವರು ಬೆರಳಿನಿಂದ ಕಲಿತರು. ಮೊದಮೊದಲು ನನಗೆ ಕಷ್ಟವಾಗುತ್ತಿತ್ತು. ಪಕ್ಕದ ಕೋಣೆಯಲ್ಲಿ ಕುರ್ಚಿ ಸರಿದರೆ ಬೆಚ್ಚುತ್ತಿದ್ದೆ. ಒಂದೊಂದು ದಿನ ನಾಲ್ಕು ಮಾತು ಹೆಚ್ಚಾದರೆ ಸುಸ್ತಾಗಿ ಬಚ್ಚಲಿಗೆ ಹೋಗಿ ಬಾಗಿಲು ಹಾಕಿಕೊಂಡು ನಿಲ್ಲುತ್ತಿದ್ದೆ. ಅವರು ಏನೂ ಕೇಳುತ್ತಿರಲಿಲ್ಲ. ಒಂಟಿತನ ಒಂದೇ ದಿನಕ್ಕೆ ಮನೆ ಬಿಟ್ಟು ಹೋಗುವಂಥದ್ದಲ್ಲ. ಮೆಟ್ಟಿಲು ಹತ್ತುವಾಗ ಈಗಲೂ ಹಳೆಯ ಅಭ್ಯಾಸಕ್ಕೆ ಎದೆ ಸ್ವಲ್ಪ ಕುಸಿಯುತ್ತದೆ.

ಹಾಗೇ ಒಂದು ಸಂಜೆ ಅಂಗಡಿಯಿಂದ ಬಂದು ಮೂರನೇ ಮಹಡಿಯಲ್ಲಿ ನಿಂತೆ. ಚೀಲದಿಂದ ಬೀಗದ ಕೈ ತೆಗೆದು ಬಾಗಿಲಿಗೆ ಹಾಕುವಷ್ಟರಲ್ಲಿ ಒಳಗೆ ಪಾತ್ರೆ ಸದ್ದಾಯಿತು. ಕೀಲಿ ಮತ್ತೆ ಚೀಲಕ್ಕೆ ಹಾಕಿದೆ. ಹನ್ನೆರಡು ವರ್ಷದಲ್ಲಿ ಮೊದಲ ಸಲ ನನ್ನ ಮನೆಯ ಗಂಟೆಯನ್ನು ನಾನೇ ಒತ್ತಿದೆ.

ಹೆಜ್ಜೆಗಳು ಗೋಡೆ ಹಿಡಿದುಕೊಂಡು ಹತ್ತಿರ ಬಂದವು.

"ಯಾರು?"

"ನಾನು" ಎಂದೆ.